ಬಾಗಿಲ ಹಿಂದಿನ ಮೊಳೆ

ಅವ್ವ ಮತ್ತೆ ಡಬ್ಬಿಗಳನ್ನು ತಡಕಾಡುತ್ತಿದ್ದಳು.

"ಉಪ್ಪು ಯಾವ್ದು, ಸಕ್ರೆ ಯಾವ್ದು ಅಂತ ನಿಂಗೆ ಹೆಂಗ್ ತಿಳಿತದಮ್ಮಿ?"

"ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೀನಿ ಕಣವ್ವ," ಎಂದಳು ಶಿವರಂಜಿನಿ. ಬೆಳಿಗ್ಗೆಯೂ ಇದನ್ನೇ ಹೇಳಿದ್ದಳು. ತಪ್ಪು ಹುಡುಕಲು ಬಂದವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ.

ಅವ್ವ ರಾಚಮ್ಮ ತೆರಕಣಾಂಬಿಯಿಂದ ಬಂದದ್ದು ತನ್ನನ್ನು ವಾಪಸು ಕರೆದೊಯ್ಯಲು ಎಂಬುದರಲ್ಲಿ ಮಗಳಿಗೆ ಅನುಮಾನವಿರಲಿಲ್ಲ. ಹೋದ ತಿಂಗಳು ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡದ್ದನ್ನು ಮನೆ ಮಾಲೀಕ ಗುರುಸಿದ್ದಯ್ಯ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಕಣ್ಣಿಲ್ಲದ ಹುಡುಗಿಗೆ ಮಹಡಿಯ ಕೋಣೆ ಕೊಟ್ಟದ್ದೇ ತಪ್ಪಾಯಿತು ಎಂದೂ ಸೇರಿಸಿದ್ದರು. ಅವ್ವ ಒಬ್ಬಳೇ ಬಂದಿರಲಿಲ್ಲ. ಊರಿನ ಪುಟ್ಟಮಾದಯ್ಯ ಬಾಗಿಲವರೆಗೂ ಜೊತೆಗೆ ಬಂದು, ಬದನಗುಪ್ಪೆಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದ. ಸಾಮಾನು ಹೊರಲು ಜನವೂ ಸಿದ್ಧ.

ಊರಿಗೆ ಹೋದರೆ ಬಿ.ಎ. ಅಲ್ಲಿಗೆ ಮುಗಿಯಿತು. ಉಳಿಯುವುದು ಜಗಲಿಯ ಮೂಲೆ. ಅವ್ವನ ಅಪ್ಪನಿಗಿದ್ದ ಕಣ್ಣಿನ ಕಾಯಿಲೆಯೇ ಹೈಸ್ಕೂಲಿನಲ್ಲಿ ಶಿವರಂಜಿನಿಗೂ ಬಂದಿತ್ತು. ತಾತ ಆ ಮೂಲೆಯಲ್ಲಿ ಕೂತು, ಕೂತಲ್ಲೇ ಉಣ್ಣಿಸಿಕೊಂಡು, ಅಲ್ಲೇ ಸತ್ತ.

ಓದಲು ಬಂದಿದ್ದ ಚಾಮರಾಜನಗರದಲ್ಲೂ ಸುಖವೇನಿರಲಿಲ್ಲ. ತರಗತಿಯಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಯಾರೊಂದಿಗೂ ಒಂದು ಮಾತಿಲ್ಲದೆ ಭಾನುವಾರಗಳು ಕಳೆಯುತ್ತಿದ್ದವು. ಓದಿ ಮುಗಿಸಿದರೆ ಕೆಲಸ ಸಿಗುತ್ತದೆಂಬ ನಂಬಿಕೆಯೂ ಸವೆದಿತ್ತು. ಆದರೂ ಇಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತಿದ್ದಳು. ಅವಳಿಗಿದ್ದದ್ದು ಅಷ್ಟೇ.

ಸಂಜೆ ಅವ್ವ ಬಕೆಟ್ಟಿಗೆ ಎಡವಿ ನೀರು ಚೆಲ್ಲಿದಳು. ದಾರೀಲಿ ಯಾರಾದರೂ ಮಡಗುತ್ತಾರಾ ಎಂದು ಗೊಣಗಿದಳು. ಬಕೆಟ್ಟು ಎಂದಿನ ಮೂಲೆಯಲ್ಲೇ ಇತ್ತು. ನೆಪ ಬೇಕಿತ್ತು, ಸಿಕ್ಕಿತು ಎಂದುಕೊಂಡಳು ಮಗಳು. ಅಂಗಡಿಗೆ ಹೋಗಿ ಬರೋಣವೆಂದರೆ, ಕತ್ತಲಾದ ಮೇಲೆ ಎಲ್ಲಿಗೂ ಬೇಡವೆಂದಳು ಅವ್ವ.

"ನಂಗೆ ಹಗಲೂ ಒಂದೇ ರಾತ್ರೀನೂ ಒಂದೇ ಕಣವ್ವ," ಎಂದು ಶಿವರಂಜಿನಿ ನಕ್ಕಳು. ಅವ್ವ ನಗಲಿಲ್ಲ.

ಬಾಗಿಲ ಹಿಂದಿನ ಮೊಳೆಯೂ ಅವ್ವನ ಕೈಗೆ ಸಿಕ್ಕಿತು. ಅಲ್ಲಿ ದಾರಿ ತಡಕುವ ಎರಡು ಕೋಲು ನೇತಾಡುತ್ತಿದ್ದವು. "ಇನ್ನೊಂದ್ಯಾಕ್ ಮಡಿಕಂಡಿದ್ದೀಯೆ?" ಅದು ಹಳೆಯದು, ತುದಿಯ ರಬ್ಬರ್ ಹೋಗಿದೆ, ನೆಲಕ್ಕೆ ಊರಿದರೆ ಕೀರುತ್ತದೆ, ಎಸೆಯಲು ಮನಸ್ಸಾಗಲಿಲ್ಲ ಎಂದಳು ಮಗಳು.

ಊಟದ ನಡುವೆ ಅವ್ವ ತರಕಾರಿ ಮಂಡಿಯ ಕೆಲಸ ಬಿಟ್ಟ ಸುದ್ದಿ ಹೇಳಿದಳು. ಟೊಮ್ಯಾಟೊ ಆಯುವಾಗ ಹಣ್ಣಿಗೆ ಕಾಯಿ ಬೆರೆಸುತ್ತೀಯ ಎಂದು ಮಂಡಿಯ ಕೆಂಪಯ್ಯ ಬೈದನಂತೆ. ಹಾಗಾದರೆ ಇನ್ನು ಅವ್ವ ಹಗಲೆಲ್ಲ ಮನೆಯಲ್ಲೇ, ತನ್ನ ಕಾವಲಿಗೆ. ಶಿವರಂಜಿನಿ ತಟ್ಟೆ ಸರಿಸಿ ಕೈ ತೊಳೆಯಲು ಎದ್ದಳು.

ಮರುದಿನ ಬೆಳಿಗ್ಗೆ, ರಸ್ತೆ ಹೇಗೆ ದಾಟುತ್ತೀಯ ತೋರಿಸು ಎಂದಳು ಅವ್ವ. ಮಗಳ ಮೊಣಕೈ ಹಿಡಿದು, ಅರ್ಧ ಹೆಜ್ಜೆ ಹಿಂದೆ ನಡೆದಳು. ತಪ್ಪಿಸಿಕೊಳ್ಳದಂತೆ ಹಿಡಿದ ಹಾಗಿತ್ತು. ಗಾಡಿ ಹತ್ತಿರ ಬಂತೆಂದು ಹೇಗೆ ಗೊತ್ತಾಗುತ್ತದೆ, ಚರಂಡಿಯ ಅಂಚು ಕೋಲಿಗೆ ಹೇಗೆ ಸಿಗುತ್ತದೆ, ಬಸ್ಸು ಯಾವುದೆಂದು ಯಾರನ್ನು ಕೇಳುವುದು, ಎಲ್ಲವನ್ನೂ ವಿಚಾರಿಸಿದಳು. ಶಿವರಂಜಿನಿ ಪರೀಕ್ಷೆಗೆ ಕೂತವಳಂತೆ ಉತ್ತರ ಕೊಟ್ಟಳು.

ಕೋಣೆಗೆ ಮರಳಿ ಕೋಲನ್ನು ಮೊಳೆಗೆ ತೂಗುಹಾಕಿ, ತಡೆಯಲಾರದೆ ಕೇಳಿದಳು. "ನನ್ನ ಕರ್ಕೊಂಡು ಹೋಗಕ್ಕೆ ತಾನೆ ಬಂದಿರೋದು?"

ಅವ್ವ ಚೀಲದ ಜಿಪ್ಪು ಎಳೆದ ಸದ್ದಾಯಿತು.

"ಇಲ್ಲೇ ಇರು. ಜಗಲೀಲಿ ಇಬ್ರಿಗೆ ಜಾಗ ಇಲ್ಲ ಕಣಮ್ಮಿ."

ಶಿವರಂಜಿನಿ ಗೆದ್ದಿದ್ದಳು. ಆದರೆ ಮಾತು ಎದೆಯಲ್ಲಿ ಚಳಿಯಂತೆ ಕೂತಿತು. ಇಲ್ಲಿ ಬೇಡವೆನ್ನುವವರಿದ್ದರು; ಈಗ ಅಲ್ಲಿಯೂ ಜಾಗವಿಲ್ಲ. ಬಸ್ ನಿಲ್ದಾಣದವರೆಗೆ ಬರುತ್ತೇನೆಂದಳು.

"ಒಬ್ಳೇ ಓಯ್ತೀನಿ ಬುಡು. ಕಲೀಬೇಕಲ್ಲ."

ಬಾಗಿಲು ಮುಚ್ಚಿತು. ಅವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳಿಸಿತು. ಕಾಲೇಜಿಗೆ ಹೊತ್ತಾಗಿತ್ತು. ಶಿವರಂಜಿನಿ ಬಾಗಿಲ ಹಿಂದೆ ಕೈ ಚಾಚಿದಳು. ಮೊಳೆಯಲ್ಲಿ ಒಂದೇ ಕೋಲಿತ್ತು, ಅವಳ ಹೊಸದು.

ಕೆಳಗೆ ರಸ್ತೆಯಲ್ಲಿ, ರಬ್ಬರಿಲ್ಲದ ತುದಿಯೊಂದು ಕೀರುತ್ತ, ನಿಂತು, ಮತ್ತೆ ಕೀರುತ್ತ, ಚರಂಡಿಯ ಅಂಚು ಹುಡುಕಿಕೊಂಡು ಬಸ್ ನಿಲ್ದಾಣದ ಕಡೆಗೆ ಹೋಗುತ್ತಿತ್ತು.