ಹಳೆಯ ಸೀಟೇ ಬೇಕು

ವೈಸಿನ ಹಿಡಿಯನ್ನು ದೊಡ್ಡವನು ಇನ್ನೊಂದು ಸುತ್ತು ತಿರುಗಿಸಿದ. ಕಬ್ಬಿಣದ ದವಡೆಗಳ ನಡುವೆ ಗುಜರಿಯವನ ಕಿರುಬೆರಳು ಚಟಕ್ಕೆಂದಿತು.

"ಸೀಟೆಲ್ಲಿ?"

"ಅಯ್ಯೋ, ಬಿಡಣ್ಣಾ! ಹೊಸ ತಗಡು ಕೊಡ್ತೀನಿ, ಹೊಸ ಸ್ಪಂಜು ಕೊಡ್ತೀನಿ, ನೀನು ಹೇಳಿದ ಬಣ್ಣದ ಕವರ್ ಹಾಕಿಸ್ಕೊಡ್ತೀನಿ..."

"ನಂಗೆ ಹಳೇದೇ ಬೇಕು."

ಈ ಮಾತು ಊರಿನ ಗುಜರಿ ಅಂಗಡಿಗಳಿಗೆಲ್ಲ ವರ್ಷದಿಂದ ಬಾಯಿಪಾಠ. ಬೈಕು ಅಪ್ಪನ ಕಾಲದ್ದು. ಕಲ್ಲುಮುಳ್ಳಿನ ದಾರಿಗೆಂದೇ ಮಾಡಿದ ಒರಟು ಗಾಡಿ. ಅಪ್ಪ ಸಾಯುವಾಗ ಅದರ ಕೀಲಿಯನ್ನು ಚಿಕ್ಕ ಮಗನ ಕೈಗಿಟ್ಟಿದ್ದ. ಆ ಚಿಕ್ಕವನು ಒಂದು ಬೆಳಗ್ಗೆ ಗಾಡಿಯ ಸಮೇತ ಪಾಳು ಕಲ್ಲುಕ್ವಾರಿಯ ತಳದಲ್ಲಿ ಹೆಣವಾಗಿ ಸಿಕ್ಕಿದ. ಪಕ್ಕೆಯಲ್ಲಿ ಆಳವಾದ ಸೀಳು. ಬಂಡೆ ತಗುಲಿದೆ ಎಂದು ಪೊಲೀಸರು ಕೈತೊಳೆದುಕೊಂಡರು. "ಬಂಡೆ ಇಷ್ಟು ನೇರವಾಗಿ ಕೊಯ್ಯಲ್ಲ," ಎಂದಳು ಅಮ್ಮ. ಗಾಡಿಯನ್ನು ಮೇಲೆತ್ತುವ ಹೊತ್ತಿಗೆ ಸೀಟು ಮಾಯವಾಗಿತ್ತು. ಸೀಟು ಸಿಕ್ಕರೆ ಕೊಂದವನು ಸಿಗುತ್ತಾನೆ ಎಂದು ಊರಿಗೆ ಊರೇ ಆಡಿಕೊಂಡಿತು.

ಅಮ್ಮ ದೊಡ್ಡ ಮಗನನ್ನು ಕೇಳಿದ್ದು ಒಂದೇ. "ಗಾಡೀನ ಮೊದಲಿದ್ದ ಹಾಗೇ ಮಾಡಿಕೊಡು. ಒಂದ್ಸಲ ಅದರ ಸದ್ದು ಕೇಳ್ಬೇಕು."

ದೊಡ್ಡವನು ಗುಣದಲ್ಲಿ ಮುಂಗೋಪಿ, ಕೆಲಸದಲ್ಲಿ ಅಚ್ಚುಕಟ್ಟು. ಎಂಜಿನ್ ಬಿಚ್ಚಿ ಕಟ್ಟಿದ, ಸೊಟ್ಟಗಾದ ಮುಂಚಕ್ರದ ಫೋರ್ಕ್ ನೆಟ್ಟಗೆ ಮಾಡಿದ, ಟ್ಯಾಂಕಿನ ತಗ್ಗುಗಳನ್ನು ಎಬ್ಬಿಸಿದ. ಹಳೆಯ ಬಣ್ಣ ಕೆರೆಯಲು, ಗ್ಯಾಸ್ಕೆಟ್ ಕೊಯ್ಯಲು ಸದಾ ಜೇಬಿನಲ್ಲಿರುತ್ತಿದ್ದ ಮಡಚುವ ಚಾಕು ಒಂದೇ ಸಾಕಾಗಿತ್ತು. ತುದಿ ಮುರಿದಿದ್ದರೂ ಅಂಚು ಹರಿತ. ಅಪ್ಪ ಕಲಿಸಿದ ನೇಮವೊಂದನ್ನು ಮಾತ್ರ ಅವನು ಒಮ್ಮೆಯೂ ತಪ್ಪಿರಲಿಲ್ಲ: ಯಾವ ಭಾಗ ಸಿಕ್ಕರೂ ಮೊದಲು ಗಾಡಿಗೆ ಕೂರಿಸಿ ನೋಡು, ಆಮೇಲೆ ಕೊಯ್ಯಿ. ಅಮ್ಮ ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು, ಅವನ ಹರಿದ ಅಂಗಿಗಳಿಗೆ ಹಸಿರು ದಾರದಲ್ಲಿ ತೇಪೆ ಹಾಕುತ್ತಾ, ಎಲ್ಲವನ್ನೂ ನೋಡುತ್ತಿದ್ದಳು. ಈಗ ಉಳಿದಿದ್ದು ಸೀಟೊಂದೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವತ್ತು ದೊಡ್ಡವನು ಅಂಗಡಿಯೊಳಗೆ ಕಾಲಿಟ್ಟ ಕೂಡಲೇ, ಬಾಯಿ ತೆರೆಯುವ ಮೊದಲೇ, "ಆ ಸೀಟು ನಾನು ನೋಡೇ ಇಲ್ಲಪ್ಪ!" ಎಂದುಬಿಟ್ಟಿದ್ದ ಗುಜರಿಯವನು. ಅದರ ಫಲವನ್ನೇ ಈಗ ಉಣ್ಣುತ್ತಿದ್ದ. ಚಾಕು ಅವನ ಕಿವಿಯ ಬುಡಕ್ಕೆ ಬಂತು. ಕತ್ತಿನ ಮೇಲೆ ಬಿಸಿಯಾಗಿ ರಕ್ತ ಇಳಿಯಿತು.

"ಸೀಟ್ ಹೊಲಿಯೋ ಮುದುಕನ ಹತ್ರ ಇದೆ! ಕೊಲೆ ವಿಷಯ, ನಂಗ್ಯಾಕೆ ಅಂತ ಬಾಯಿ ಮುಚ್ಕೊಂಡಿದ್ದೆ!"

ದೊಡ್ಡವನು ವೈಸ್ ಸಡಿಲಿಸಲಿಲ್ಲ. ಎದ್ದು ಹೊರಟ.

ಸೀಟ್ ಹೊಲಿಯುವ ಮುದುಕ ರೆಕ್ಸಿನ್ ಸುರುಳಿಗಳ ನಡುವೆ ಯಂತ್ರದ ಮುಂದೆ ಕೂತಿದ್ದ. ದಂಡಂ ದಶಗುಣಂ ಎಂಬುದರಲ್ಲಿ ದೊಡ್ಡವನಿಗೆ ಪೂರ್ತಿ ನಂಬಿಕೆ. ಮಾತಿಗೆ ಮುಂಚೆ ಒಂದು ಗುದ್ದು. ಹಲ್ಲೊಂದು ದಾರದ ಉಂಡೆಗಳ ಮಧ್ಯೆ ಉರುಳಿತು. ಮುದುಕನ ಕೈಯನ್ನು ಸೂಜಿಯ ಕೆಳಗೆ ಒತ್ತಿ ಹಿಡಿದು ಚಕ್ರ ತಿರುಗಿಸಿದ. ಸೂಜಿ ಹೆಬ್ಬೆರಳಿನ ಉಗುರನ್ನು ತೂರಿ ಆಚೆ ಬಂತು.

"ಕ್ವಾರಿ ಸೀಟು ಎಲ್ಲಿ? ನನ್ನ ತಮ್ಮನ್ನ ಕೊಂದವನ ಗುರುತು ಅದರಲ್ಲಿದೆ!"

"ಅಗೋ, ಅಟ್ಟದ ಮೇಲೆ!" ಮುದುಕ ಚೀರಿದ. "ಕೇಳಿದ್ರೆ ಕೊಡ್ತಿದ್ನಲ್ಲೋ, ಪಾಪಿ! ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡು ಅಂತಾನೇ ಕೊಟ್ಟು ಹೋಗಿದ್ದಾರೆ. ಹಳೇ ಕವರ್ ತೆಗೀಬೇಡ, ಅದರ ಮೇಲೇ ಹೊಸದು ಹೊಲಿ ಅಂದ್ರು, ಹೊಲಿದೆ."

ದೊಡ್ಡವನು ಸೀಟನ್ನು ಕಂಕುಳಲ್ಲಿ ಇರುಕಿಕೊಂಡು ಆಗಲೇ ಬೀದಿಗಿಳಿದಿದ್ದ.

"ಯಾರು ಕೊಟ್ಟಿದ್ದು ಅಂತ ಕೇಳಲ್ವೇನೋ?" ಮುದುಕ ಹಿಂದಿನಿಂದ ಕೂಗಿದ. ದೊಡ್ಡವನು ತಿರುಗಿ ನೋಡಲಿಲ್ಲ.

ಶೆಡ್ಡಿನಲ್ಲಿ ಅಮ್ಮನ ಕುರ್ಚಿ ಖಾಲಿಯಿತ್ತು. ಒಳ್ಳೆಯದೇ ಆಯಿತು. ಇದನ್ನು ಅವಳು ನೋಡುವುದು ಅವನಿಗೆ ಬೇಕಿರಲಿಲ್ಲ. ಬೈಕು ಮಿರಮಿರ ಮಿನುಗುತ್ತಾ, ಸೀಟಿನ ಜಾಗದಲ್ಲಿ ಎರಡು ಬರಿಯ ಕೊಳವೆಗಳನ್ನು ತೋರಿಸುತ್ತಾ ನಿಂತಿತ್ತು. ಅವನು ಅದರತ್ತ ಕಣ್ಣೂ ಹಾಯಿಸಲಿಲ್ಲ. ಸೀಟನ್ನು ನೆಲಕ್ಕೆ ಕೆಡವಿ, ಮಂಡಿಯಲ್ಲಿ ಒತ್ತಿ, ಚಾಕು ಹಾಕಿದ.

ಕಪ್ಪು ರೆಕ್ಸಿನ್ ಬರ್ರನೆ ಸೀಳಿತು. ಅದರಡಿಯಲ್ಲಿ ಹಳೆಯ ಕಂದು ಕವರ್. ನಡುವೆ ಒಂದು ತೂತು. ಯಾರೋ ಅದನ್ನು ಹಸಿರು ದಾರದಲ್ಲಿ ಕೈಯಿಂದ ಹೊಲಿದು ಮುಚ್ಚಿದ್ದರು. ಅವನಿಗೆ ದಾರ ನೋಡುವಷ್ಟು ವ್ಯವಧಾನ ಎಲ್ಲಿತ್ತು? ಅದನ್ನೂ ಕೊಯ್ದ. ರಕ್ತ ಕುಡಿದು ಗಟ್ಟಿಯಾಗಿದ್ದ ಸ್ಪಂಜನ್ನು ಹಿಡಿಹಿಡಿಯಾಗಿ ಕಿತ್ತ. ತಳದ ತಗಡಿನಲ್ಲಿ ಸಣ್ಣ ಸೀಳು. ಬೆರಳು ಕೊಯ್ದುಕೊಂಡು ರಕ್ತ ಬರುವವರೆಗೂ ತಡಕಿದ. ಸೀಟನ್ನು ಬೋರಲು ಮಾಡಿ ನೆಲಕ್ಕೆ ಬಡಿದ. ಸ್ಪಂಜಿನ ಚೂರು ಚೂರನ್ನೂ ಹಿಸುಕಿದ. ಏನೂ ಇರಲಿಲ್ಲ.

"ಏನೋ ಹುಡುಕ್ತಿದ್ದೀಯ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕೊಂದವನ ಗುರುತು, ಅಮ್ಮಾ." ಅವನಿಗೆ ಏದುಸಿರು. "ಇದರಲ್ಲೇ ಇರ್ಬೇಕಿತ್ತು. ಯಾರೋ ತೆಗೆದುಬಿಟ್ಟಿದ್ದಾರೆ."

"ಗಾಡಿಗೆ ಕೂರಿಸಿ ನೋಡಲೇ ಇಲ್ವಲ್ಲೋ," ಎಂದಳು ಅಮ್ಮ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಇವನು ಸುಮ್ನೆ ತಂದು ಕೂರಿಸಿಬಿಡ್ಲಿ ಅಂತ ದೇವರ ಹತ್ರ ಎಷ್ಟು ಬೇಡ್ಕೊಂಡಿದ್ದೆ, ಗೊತ್ತಾ?"

ಹತ್ತಿರ ಬಂದು ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಉಗುರಿನಷ್ಟು ಉಕ್ಕಿನ ಚೂರೊಂದಿತ್ತು, ಒಂದು ಕಡೆ ಚೂಪು, ಇನ್ನೊಂದು ಕಡೆ ಮುರುಕು.

"ಚಾಕು ಕೊಡು ಇಲ್ಲಿ," ಎಂದಳು, "ತುದಿ ಕೂರುತ್ತಾ ನೋಡೋಣ."