ಅಪ್ಪನ ಪೆನ್ಸಿಲ್ ಗೆರೆ

ಉಪಗ್ರಹದತ್ತ ಕಣಗಳ ಹರಿವು ದಕ್ಷಿಣದಿಂದ ನುಗ್ಗಿಬರುತ್ತಿರುವುದನ್ನು ವಿಜ್ಞಾನಿ ಪರದೆಯಲ್ಲಿ ಕಂಡಳು. ಅಂದರೆ ಭೂಮಿಯ ಕಾಂತವಲಯದ ಅಂಚಿನಲ್ಲಿ ಸೂರ್ಯನ ಕಾಂತರೇಖೆಗಳೂ ನಮ್ಮವೂ ಕಡಿದು ಬೆಸೆದುಕೊಂಡದ್ದು ಅವಳು ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಿದ ಕಡೆಯಲ್ಲ, ಇನ್ನೂ ಕೆಳಗೆ, ದಕ್ಷಿಣಕ್ಕೆ. ಆ ಬೆಸುಗೆಯನ್ನು ಅಳೆಯಬೇಕಿದ್ದ ಉಪಗ್ರಹದ ಕೊನೆಯ ಇಂಧನ ಅವಳ ಗೆರೆಯತ್ತ ಸಾಗುವುದರಲ್ಲೇ ಮುಗಿದಿತ್ತು.

"ಭೂಮಿ ವಾಲಿರೋದನ್ನ ಮರೆತಿದೀಯ ಕಣಮ್ಮ," ಎಂದು ಹೋದ ತಿಂಗಳು ನಕ್ಷೆಯ ಕೆಳಭಾಗದಲ್ಲಿ ಗೆರೆ ಎಳೆದಿದ್ದವರು ಅಪ್ಪ. ಇದೇ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಈಗೀಗ ಹೆಸರುಗಳನ್ನು ಮರೆಯುತ್ತಿದ್ದರು. ಅವಳು ಅವರ ಗೆರೆಯನ್ನು ರಬ್ಬರಿನಿಂದ ಅಳಿಸಿಬಿಟ್ಟಿದ್ದಳು.

ನಿರ್ದೇಶಕರು ನಕ್ಷೆಯತ್ತ ಬಗ್ಗಿದರು. "ನಿಮ್ಮ ತಂದೆ ಇಲ್ಲೇನೋ ಗೆರೆ ಎಳೆದಿದ್ರಲ್ವಾ?"

ಪೆನ್ಸಿಲ್ ಒತ್ತಿದ ಗುರುತು ಕಾಗದದಲ್ಲಿ ಹಾಗೇ ಇತ್ತು. ಅವಳು ಅದರ ಮೇಲೆ ಹೆಬ್ಬೆರಳಿಟ್ಟಳು. "ಇಲ್ಲ ಸರ್."

ಫಲಿತಾಂಶ ನೋಡಲೆಂದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಿದರು. "ಎಳೆದಿರಲಿಲ್ವೇನಮ್ಮ?"

"ಇಲ್ಲಪ್ಪ."

ಅಪ್ಪ ಜೇಬಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇನ್ನು ನನ್ನ ತಲೆ ನಂಬೋ ಹಾಗಿಲ್ಲ."