ಅಮ್ಮನ ತಲೆಯಲ್ಲಿಟ್ಟ ಗಣಿತ

ಪರೀಕ್ಷೆಯ ನಡುವೆ ಎರಡು ದಿನ ಹಾಯಾಗಿರಲು ಎಲ್ಲ ಮಕ್ಕಳೂ ಮಾಡುವಂತೆ, ಸಿಂಚನಾ ಶನಿವಾರ ಅಮ್ಮನ ಹಣೆಗೆ ಡಿಕ್ಕಿ ಹೊಡೆದು, ಓದಿದ ಗಣಿತವನ್ನೆಲ್ಲ ಅವಳ ತಲೆಯಲ್ಲಿಟ್ಟು, ಗೆಳತಿಯರ ಜೊತೆ ಬಲಮುರಿಗೆ ನೀರಾಡಲು ಹೋಗಿದ್ದಳು. ಭಾನುವಾರ ಸಂಜೆ ಒದ್ದೆ ಕೂದಲಲ್ಲೇ ಮರಳಿದಾಗ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅಮ್ಮ ಅಡುಗೆಮನೆಯ ನೆಲದ ತುಂಬ ರಂಗೋಲಿ ಪುಡಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಒಲೆ ಹಚ್ಚಿರಲಿಲ್ಲ.

“ಅಮ್ಮಾ, ವಾಪಸ್ ಕೊಡು. ನಾಳೆ ಬೆಳಿಗ್ಗೆನೇ ಪರೀಕ್ಷೆ.”

ಅಮ್ಮ ಎರಡೂ ಕೈಯಿಂದ ಹಣೆ ಮುಚ್ಚಿಕೊಂಡಳು. “ಇದೊಂದು ಲೆಕ್ಕ ಮುಗಿಸ್ಬಿಡ್ತೀನಿ ಕಣೇ, ದಮ್ಮಯ್ಯ. ಈಗ ತಾನೇ ನಂಗೆ ತಿಳೀತಾ ಇದೆ.”

“ನಾನು ಫೇಲಾಗ್ತೀನಮ್ಮಾ!”

ಅಮ್ಮ ನಿಧಾನವಾಗಿ ಕೈ ತೆಗೆದಳು. ಸಿಂಚನಾ ಅಳುತ್ತಲೇ ಹಣೆಗೆ ಹಣೆ ತಾಗಿಸಿದಳು.

ಆಮೇಲೆ ಪೊರಕೆ ಹಿಡಿದು ಬಂದ ಅಮ್ಮ ನೆಲ ನೋಡುತ್ತ ನಿಂತಳು.

“ಇದ್ಯಾವ ರಂಗೋಲಿನೇ? ಯಾರೋ ಅರ್ಧಕ್ಕೇ ಬಿಟ್ಟಿದ್ದಾರಲ್ಲ.”